ಒಡನೋವು

ಸುದ್ದಿ ಬಂದಾಗ ಹುಲಿಗೆಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಗಂಡನಿಗೆ ಅಂಗಾಲು ತೋರಿಸುತ್ತಿದ್ದಳು. ಸಂಜೆಯಾದರೆ ಆ ಮನೆಯಲ್ಲಿ ತಪ್ಪದೆ ನಡೆಯುವ ಕೆಲಸ ಅದು. ನೀರಿನ ಟ್ಯಾಂಕರ್ ಓಡಿಸಿ ದಣಿದು ಬಂದ ಯಂಕೋಬ ಮುಖ ತೊಳೆದುಕೊಂಡು, ಹೆಂಡತಿಯ ಪಾದಗಳನ್ನು ಒಂದೊಂದಾಗಿ ಬೆಳಕಿಗೆ ತಿರುಗಿಸಿ, ಮುಳ್ಳು ಚುಚ್ಚಿದೆಯೇ, ಗಾಜು ಹೊಕ್ಕಿದೆಯೇ, ಎಲ್ಲಾದರೂ ಬೊಬ್ಬೆ ಎದ್ದಿದೆಯೇ ಎಂದು ನೋಡುತ್ತಿದ್ದ. ಅವಳಿಗೆ ತಾನಾಗಿ ತಿಳಿಯುತ್ತಿರಲಿಲ್ಲ. ಮೊಣಕಾಲಿನ ಕೆಳಗೆ, ಮೊಣಕೈಯ ಮುಂದೆ ಅವಳ ಮೈ ಮರಗಟ್ಟಿ ವರ್ಷಗಳೇ ಆಗಿದ್ದವು.

ಅವರೂರು ಹಿರೇಕಣವಿಯ ಹೊರಗೆ ಆಗ ಒಂದು ಕಾರ್ಖಾನೆಯಿತ್ತು. ಫೋನಿಗೆ ಹಾಕುವ ಗಾಜನ್ನು ಒರೆಸಿ ಫಳಫಳ ಮಾಡುವುದು ಅಲ್ಲಿ ಅವಳ ಕೆಲಸ. ಬಟ್ಟೆಯನ್ನು ಒಂದು ದ್ರವದಲ್ಲಿ ಅದ್ದಿ ಒರೆಸಬೇಕು; ಪೆಟ್ರೋಲಿನಂಥ ವಾಸನೆ, ಒರೆಸಿದ ಮರುಕ್ಷಣವೇ ಆರಿಹೋಗುತ್ತಿತ್ತು. ಧೂಳು ಬರುತ್ತದೆಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಮೊದಲು ಬೆರಳ ತುದಿ ಜುಮುಗುಟ್ಟಿತು. ಆಮೇಲೆ ಕಾಲಿನ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದಂತಾಯಿತು. ಒಂದು ದಿನ ಹುಲಿಗೆಮ್ಮ ರೊಟ್ಟಿ ತಿರುವಿ ಹಾಕುತ್ತಿದ್ದಾಗ ಸುಟ್ಟ ವಾಸನೆ ಬಂತು. ರೊಟ್ಟಿ ಸೀದಿದೆ ಎಂದುಕೊಂಡಳು. ಸುಡುತ್ತಿದ್ದದ್ದು ಅವಳ ಬೆರಳು. ಅವಳೊಬ್ಬಳಿಗೇ ಅಲ್ಲ, ಆ ಕೋಣೆಯಲ್ಲಿ ಕೂತ ಹೆಂಗಸರಿಗೆಲ್ಲ ಹಾಗೇ ಆಯಿತು. ಕಾರ್ಖಾನೆ ಬಾಗಿಲು ಹಾಕಿಕೊಂಡು ಇನ್ನೆಲ್ಲಿಗೋ ಹೋಯಿತು. ಆ ಹೆಂಗಸರು ಊರಲ್ಲೇ ಉಳಿದರು.

ಸುದ್ದಿ ತಂದವನು ಪಂಚಾಯಿತಿಯ ಜವಾನ. ಓಡಿ ಬಂದಿದ್ದರಿಂದ ಏದುಸಿರು ಬಿಡುತ್ತಿದ್ದ.

"ಯಕ್ಕಾ, ನಿನ್ನ ಹೆಸರು ಎದ್ದೈತಿ! ಹೊಸ ನಾಡಮುಖ್ಯರಿಗೆ ಜೋಡಿ ನೀನ ಅಂತ!"

ಬೇಗೆಯ ವರ್ಷಗಳಲ್ಲಿ ಜನ ಹೊಲದಲ್ಲಿ, ಬಸ್ ನಿಲ್ದಾಣದಲ್ಲಿ ಬಿದ್ದು ಸಾಯುತ್ತಿದ್ದಾಗ, ತಂಪು ಕೋಣೆಗಳಲ್ಲಿ ಕೂತವರು ಪರಿಸ್ಥಿತಿ ಹತೋಟಿಯಲ್ಲಿದೆ ಎಂದು ಹೇಳುತ್ತಲೇ ಇದ್ದರು. ಆ ಸರ್ಕಾರ ಬಿದ್ದ ಮೇಲೆ ಬರೆದ ಹೊಸ ಸಂವಿಧಾನದಲ್ಲಿ ಒಡನೋವಿನ ಕಾಯಿದೆ ಸೇರಿತು. ನಾಡಮುಖ್ಯನಾಗುವವನು ಅಧಿಕಾರದಲ್ಲಿರುವಷ್ಟು ದಿನ ಒಬ್ಬ ಸಾಮಾನ್ಯ ಪ್ರಜೆಯ ನೋವನ್ನು ತನ್ನ ಮೈಯಲ್ಲಿ ಉಣ್ಣಬೇಕು. ಆ ಪ್ರಜೆಯ ಕಿವಿಯ ಹಿಂದಿನಿಂದ ಮೆದುಳಿನ ಬುಡಕ್ಕೆ ಕೂದಲಿಗಿಂತ ಸಣ್ಣ ತಂತಿಯೊಂದನ್ನು ಇಳಿಸುತ್ತಾರೆ. ಮೈಯಿಂದ ಮೇಲೇರುವ ನೋವಿನ ಸಂಕೇತವನ್ನು ಅದು ಹಿಡಿದು, ನಾಡಮುಖ್ಯನ ತಲೆಯಲ್ಲಿರುವ ಇನ್ನೊಂದು ತಂತಿಗೆ ಆ ಕ್ಷಣವೇ ಮುಟ್ಟಿಸುತ್ತದೆ. ಜೋಡಿಯಾಗುವ ಪ್ರಜೆಯನ್ನು ಯಂತ್ರ ಚೀಟಿ ಎತ್ತಿದಂತೆ ಆರಿಸುತ್ತದೆ. ಆರಿಸಿದವರಿಗೆ ಸರ್ಕಾರ ಒಂದು ಗುಂಡುಪಿನ್ನನ್ನೂ ಕೊಡುವಂತಿಲ್ಲ. ಸಮಾರಂಭ ಮುಗಿಸಿಕೊಂಡು ಅವರು ಊರಿಗೆ ಮರಳಿ ಮೊದಲಿನಂತೆಯೇ ಬದುಕಬೇಕು. ಅವರಿಗೆ ಏನಾದರೂ ಮಾಡುವುದಿದ್ದರೆ ಅವರಿರುವ ಇಡೀ ಹೋಬಳಿಗೆ ಮಾಡಬೇಕು. ಜೋಡಿಗೆ ಬೇಡವಾದರೆ ಬಿಡಬಹುದು, ಇನ್ನೊಬ್ಬರ ಹೆಸರು ಏಳುತ್ತದೆ. ನಾಡಮುಖ್ಯ ತನ್ನ ತಂತಿ ತೆಗೆಸಿದರೆ ಮಾತ್ರ ಕುರ್ಚಿಯೂ ಅದರ ಜೊತೆಗೆ ಹೋಗುತ್ತದೆ.

ಮೊದಲ ನಾಡಮುಖ್ಯನಿಗೆ ಜೋಡಿಯಾಗಿದ್ದವನು ಕಲ್ಲುಕುಟಿಗ. ಅವನ ಸೊಂಟನೋವಿಗೆ ನಾಡಮುಖ್ಯ ವರ್ಷವಿಡೀ ಬಗ್ಗಿಕೊಂಡೇ ನಡೆದ. ಕ್ವಾರಿಗಳಿಗೆ ಭಾರ ಎತ್ತುವ ಯಂತ್ರಗಳು ಬಂದದ್ದು ಆಗಲೇ. ಮೂರನೆಯವನ ಜೋಡಿ ತುಂಬು ಬಸುರಿ. ಸದನದಲ್ಲಿ ಮಾತಾಡುತ್ತಿದ್ದವನು ಮೇಜಿನ ಕೆಳಗೆ ಬಿದ್ದು ಹೊರಳಾಡಿದ್ದನ್ನು ನಾಡೆಲ್ಲ ನೋಡಿತು. ಮರುವರ್ಷ ತಾಲೂಕಿಗೊಂದು ಹೆರಿಗೆ ಆಸ್ಪತ್ರೆ ಎದ್ದಿತು. ಹೀಗಾಗಿ ಯಾವ ಊರಿನ ಹೆಸರು ಎದ್ದರೂ ಆ ಊರಿನವರು ಪಟಾಕಿ ಹೊಡೆಯುತ್ತಿದ್ದರು. ಹಿರೇಕಣವಿಯಲ್ಲೂ ಹೊಡೆದರು.

ಯಂಕೋಬ ಮಾತ್ರ ಕೈಯಲ್ಲಿದ್ದ ಪಾದವನ್ನು ಬಿಟ್ಟಿರಲಿಲ್ಲ. ಹಿಮ್ಮಡಿಯ ಹತ್ತಿರ ಒಂದು ಬೊಬ್ಬೆ ಒಡೆದು ರಸಿಕೆ ಆಗಿತ್ತು. ಬೆಳಿಗ್ಗೆ ಎಲ್ಲೋ ಕಾದ ಕಲ್ಲು ತುಳಿದಿರಬೇಕು.

"ಇದು ನೋಯಾಕತ್ತೈತೇನು?" ಎಂದು ಕೇಳಿದ.

"ಇಲ್ಲ" ಎಂದಳು ಹುಲಿಗೆಮ್ಮ.

"ಮತ್ತ ಅವರಿಗೆ ಏನ ಕಳಸ್ತಿ ನೀನು?"

ಬೀದಿಯಲ್ಲಿ ಪಟಾಕಿಯ ಸರ ಸಿಡಿಯುತ್ತಿತ್ತು.

*

ಹೊಸ ರಾಜಧಾನಿಯ ಒಡನೋವು ಕೇಂದ್ರದಲ್ಲಿ ತಂತಿ ಇಳಿಸಿದವರು ಡಾಕ್ಟರ್ ರಿಹಾನಾ ನದಾಫ್. ಹುಬ್ಬಳ್ಳಿಯ ಕಡೆಯವರು, ನರಗಳ ವಿಷಯದಲ್ಲಿ ಹೆಸರು ಮಾಡಿದವರು. ಗಾಯ ಮಾಗಿದ ಮೇಲೆ ಹುಲಿಗೆಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಶುರುಮಾಡಿದರು. ಎದುರಿನ ಪರದೆಯ ಮೇಲೆ ಒಂದು ಹಸಿರು ಗೆರೆ ನೆಟ್ಟಗೆ ಹರಿಯುತ್ತಿತ್ತು. ನೋವಾದರೆ ಗೆರೆ ಏಳುತ್ತದೆ, ಎಷ್ಟು ನೋವೋ ಅಷ್ಟು ಎತ್ತರ.

ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿದರು. ಗೆರೆ ಏಳಲಿಲ್ಲ. ಇನ್ನೊಂದು ಬೆರಳಿಗೆ ಚುಚ್ಚಿದರು. ತಂತಿಯ ಜೋಡಣೆ ತಪ್ಪಿರಬಹುದೆಂದು ಒಳಗಿನ ಕೋಣೆಗೆ ಹೋಗಿ ಏನೇನೋ ತಿರುವಿ ಬಂದರು. ಅಂಗೈಗೆ ಬಿಸಿ ತಾಗಿಸಿದರು, ಮಂಜುಗಡ್ಡೆ ಒತ್ತಿದರು. ಗೆರೆ ಹೊಲದ ಬದುವಿನ ಹಾಗೆ ಮಲಗಿಕೊಂಡೇ ಇತ್ತು.

"ನಿಮಗ ಏನೂ ಅನಸವಲ್ದೇನಕ್ಕಾ?"

"ಇಲ್ರಿ ಅಕ್ಕಾರ. ಮೊದ್ಲ ಹೇಳೋಣ ಅಂದ್ರ ನನ್ನ ಯಾರೂ ಕೇಳಲಿಲ್ಲ."

ಡಾಕ್ಟರು ಕೆಳಗೆ ಕೂತು ಅವಳ ಕಾಲು ನೋಡಿದರು, ಬೆರಳುಗಳ ಹಳೆಯ ಸುಟ್ಟ ಕಲೆಗಳನ್ನು ನೋಡಿದರು. ಆಮೇಲೆ ಸೂಜಿಯ ಮೊನೆಯನ್ನು ಮೆಲ್ಲಗೆ ಮೇಲಕ್ಕೆ ತಂದರು. ಮೊಣಕೈ ದಾಟಿದ ಮೇಲೆ ಗೆರೆ ಸಣ್ಣಗೆ ಅಲುಗಿತು. ಭುಜದಲ್ಲಿ ಎದ್ದಿತು. ಕೆನ್ನೆಗೆ ತಾಗಿಸಿದಾಗ ಚಂಗನೆ ಪರದೆಯ ತುದಿಗೆ ನೆಗೆಯಿತು. ಹುಲಿಗೆಮ್ಮ 'ಸ್' ಎಂದು ಮುಖ ಹಿಂದಕ್ಕೆ ಎಳೆದುಕೊಂಡಳು.

"ಮುಖ, ಬಾಯಿ ಎಲ್ಲಾ ಚಲೋ ಅದಾವ" ಎಂದರು ಡಾಕ್ಟರು. "ಉದ್ದ ನರಗಳು ಮೊದಲು ಸಾಯತಾವು, ಕೈಕಾಲಿಂದು. ಗಿಡ್ಡ ನರಗಳು ಉಳಕೊಂಡಾವ."

"ಜೋಡಿ ಆರಿಸೂದು ಯಂತ್ರ ಅಂತಾರಲ್ರಿ. ಯಂತ್ರಕ್ಕ ಇದು ಗೊತ್ತಿರಲಿಲ್ಲೇನು?"

ಡಾಕ್ಟರು ಸೂಜಿ ಕೆಳಗಿಟ್ಟರು. "ಯಂತ್ರ ಎಲ್ಲಾರ ಹೆಸರೂ ಹಾಕಿಕೊಳ್ಳಂಗಿಲ್ಲಕ್ಕಾ. ರೋಗಿಗಳನ್ನ ಮೊದಲ ಬಿಟ್ಟುಬಿಡತೈತಿ. ರೋಗಿ ಯಾರು ಅನ್ನೂದನ್ನ ಮನಷ್ಯಾರು ಬರದಿರತಾರ. ಈ ಸಲ ಹೆಂಗ ಬರದಾರೋ ನಾ ನೋಡಿಲ್ಲ. ನೋಡತೇನಿ, ತಡೀರಿ."

ಅವರು ಪಕ್ಕದ ಕೋಣೆಗೆ ಹೋದರು. ಗಾಜಿನ ಗೋಡೆಯ ಆಚೆ ಅವರು ಪರದೆಯೊಂದನ್ನು ಓದುವುದು, ಆಮೇಲೆ ಯಾರಿಗೋ ಫೋನ್ ಮಾಡಿ ಕೈ ಬೀಸಿ ಮಾತಾಡುವುದು ಹುಲಿಗೆಮ್ಮನಿಗೆ ಕಾಣುತ್ತಿತ್ತು. ದನಿ ಕೇಳಿಸುತ್ತಿರಲಿಲ್ಲ. ಕೊನೆಗೆ ಕೈ ಬೀಸುವುದು ನಿಂತಿತು. ಹೊರಗೆ ಬಂದವರು ಅವಳ ಮುಖ ನೋಡದೆ ಸೂಜಿಗಳನ್ನು ಡಬ್ಬಿಗೆ ಹಾಕತೊಡಗಿದರು.

"ಏನಂದ್ರು?"

"ನೋವು ಅಂತ ದವಾಖಾನಿಗೆ ಬಂದವರನ್ನೆಲ್ಲ ಬಿಟ್ಟಾರಂತ. ಸೊಂಟನೋವು, ತಲಿನೋವು, ಹೊಟ್ಟಿನೋವು ಯಾವುದೂ ಇರಬಾರದು. ಕೈಕಾಲು ಜಡ ಅಂತ ಬಂದವರು ಮಾತ್ರ ರೋಗಿ ಅಲ್ಲಂತ."

"ಅಂದ್ರ ನನ್ನಂಥಾಕೀನ ಹುಡುಕ್ಯಾರ."

"ಹೂಂ."

"ಮತ್ತೇನಂದ್ರು?"

"ನಡೀತೈತಿ ಅಂದ್ರು. ಕಾಯಿದೆ ಪ್ರಕಾರ ಎಲ್ಲಾ ಸರಿ ಐತಿ ಅಂದ್ರು."

ಸಿಟ್ಟು ಬರಬೇಕಿತ್ತು. ಹುಲಿಗೆಮ್ಮ ಒಳಗೆಲ್ಲ ತಡಕಾಡಿದಳು. ಕತ್ತಲಲ್ಲಿ ಕಡ್ಡಿಪೆಟ್ಟಿಗೆ ಹುಡುಕಿದ ಹಾಗಾಯಿತು. ಏನೂ ಸಿಗಲಿಲ್ಲ. ಕೈಯಲ್ಲಿ ಶುರುವಾದ ಜಡ್ಡು ಇಷ್ಟು ವರ್ಷಗಳಲ್ಲಿ ಎಲ್ಲಿಯವರೆಗೆ ಹಬ್ಬಿದೆಯೋ ಎಂದು ಒಂದು ಸಲ ಅನ್ನಿಸಿತು.

*

ಸಮಾರಂಭದ ಉಸ್ತುವಾರಿ ನರಹರಿ ಎಂಬ ಅಧಿಕಾರಿಯದು. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಕೈ ಮುಗಿಯಬೇಕು ಎಂಬುದೆಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಒಳ್ಳೆಯ ಮನುಷ್ಯ, ಹುಲಿಗೆಮ್ಮನಿಗೆ ಮಾತುಮಾತಿಗೂ ಅಮ್ಮ ಎನ್ನುತ್ತಿದ್ದರು. ಅವಳು ಪೆಟ್ಟಿಗೆಯ ತಳದಿಂದ ತೆಗೆದು ತಂದಿದ್ದ ಇಳಕಲ್ ಸೀರೆಯನ್ನು ನೋಡಿ ಅವರಿಗೆ ಪೇಚಾಟವಾಯಿತು.

"ಅಮ್ಮ, ಇದು ಬೇಡ. ಟಿವಿನಲ್ಲಿ ತುಂಬಾ ಹೊಸದಾಗಿ ಕಾಣುತ್ತೆ. ದಿನಾ ಉಡ್ತೀರಲ್ಲ, ಅಂಥದ್ದು ಉಡಿ."

"ದಿನಾ ಉಡೂದು ಹರದೈತ್ರಿ."

"ಅದೇ ಚೆನ್ನಾಗಿರುತ್ತೆ ಅಮ್ಮ."

ಯಂಕೋಬ ಮೂಲೆಯಲ್ಲಿ ಕೂತು ಕೇಳಿಸಿಕೊಂಡ. ಆ ಇಳಕಲ್ ಸೀರೆ ಅವನೇ ತಂದುಕೊಟ್ಟಿದ್ದು. ಎದ್ದು ಬಂದು ಅದನ್ನು ಮಡಿಚಿ ಚೀಲದೊಳಗೆ ಇಟ್ಟ.

ಮಾರನೆಯ ದಿನ ತಾಲೀಮು. ಸಭಾಂಗಣದ ವೇದಿಕೆಯ ಮೇಲೆ ಹುಲಿಗೆಮ್ಮನ ಜಾಗದಲ್ಲಿ ಒಬ್ಬ ಗುಮಾಸ್ತೆಯನ್ನು ನಿಲ್ಲಿಸಿದ್ದರು. ಅವಳನ್ನು ಕೆಳಗೆ ಕುರ್ಚಿಯಲ್ಲಿ ಕೂರಿಸಿ ನೋಡಿ ಕಲಿಯಿರಿ ಎಂದಿದ್ದರು. ಹೊಸ ನಾಡಮುಖ್ಯ ಉದಯಾದಿತ್ಯ ಹೊಸಮನೆ ಬಂದ. ಐವತ್ತರ ಆಸುಪಾಸಿನ ಎತ್ತರದ ಆಳು, ಮಾತು ಮೆದು. ಪದಗ್ರಹಣದಲ್ಲಿ ಎಲ್ಲರೂ ಕಾಯುವ ಕ್ಷಣ ಒಂದಿತ್ತು: ಹಿರಿಯ ನ್ಯಾಯಮೂರ್ತಿ ಬೆಳ್ಳಿಯ ಸೂಜಿಯಿಂದ ಜೋಡಿಯ ಬೆರಳಿಗೆ ಚುಚ್ಚುತ್ತಾರೆ, ದೂರದಲ್ಲಿ ನಿಂತ ನಾಡಮುಖ್ಯ ಬೆಚ್ಚಿ ಕೈ ಹಿಂದಕ್ಕೆಳೆಯುತ್ತಾನೆ. ಅದು ಕಂಡ ಕೂಡಲೇ ಜನ ಹೋ ಎನ್ನುತ್ತಾರೆ, ಡೊಳ್ಳುಗಳು ಮೊಳಗುತ್ತವೆ.

ಹೊಸಮನೆ ಬೆಚ್ಚುವುದನ್ನು ಅಭ್ಯಾಸ ಮಾಡಿದ. ಮೊದಲ ಸಲ ಭುಜವೂ ಕುಣಿಯಿತು.

"ಸ್ವಲ್ಪ ಜಾಸ್ತಿ ಆಯ್ತು ಸಾರ್" ಎಂದರು ನರಹರಿ.

ಎರಡನೆಯ ಸಲ ಬರೀ ಬೆರಳು ಅಲುಗಿಸಿದ. ಮೂರನೆಯ ಸಲ ಕಣ್ಣು ಕಿರಿದು ಮಾಡಿ, ತುಟಿ ಬಿಗಿದು, ಕೈಯನ್ನು ಅಂಗುಲದಷ್ಟು ಎಳೆದುಕೊಂಡ. "ಹೀಗೆ ಸಾಕಾ?" ಎಂದು ಕೇಳಿದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಹುಲಿಗೆಮ್ಮ ನೋಡುತ್ತ ಕೂತಿದ್ದಳು. ಇಲ್ಲದ ನೋವನ್ನು ಅಷ್ಟು ಚೆನ್ನಾಗಿ ತೋರಿಸಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಡಾಕ್ಟರ್ ನದಾಫ್ ನೆಲ ನೋಡುತ್ತಿದ್ದರು.

ಪದಗ್ರಹಣದ ದಿನ ರಾಜಧಾನಿಯ ರಾಜಬೀದಿಗೆ ಎರಡೂ ಕಡೆಯಿಂದ ತಂಪುಗಾಳಿ ಊದುತ್ತಿದ್ದರು. ಬಿಸಿಲು ಸುರಿಯುತ್ತಿದ್ದರೂ ರಸ್ತೆಯಲ್ಲಿ ನಡೆಯುವವರಿಗೆ ಚಳಿ. ಮುಂದೆ ಕೊಂಬು ಕಹಳೆ, ಹಿಂದೆ ಕರಡಿಮಜಲು, ಅದರ ಹಿಂದೆ ನೀಲಿ ಪೇಟದ ಕುದುರೆಗಳು. ಕುದುರೆಗಳಲ್ಲಿ ಅರ್ಧದಷ್ಟು ಯಂತ್ರದವು. ಅವು ಮಾತ್ರ ತಲೆ ಕೊಡವುತ್ತಿರಲಿಲ್ಲ. ಆಕಾಶದಿಂದ ಡ್ರೋನುಗಳು ಸೇವಂತಿಗೆಯ ಎಸಳು ಉದುರಿಸುತ್ತಿದ್ದವು. ಶಾಲೆಯ ಹುಡುಗಿಯರು ಸಾಲಾಗಿ ನಿಂತು, ಮೆರವಣಿಗೆ ತಮ್ಮ ಎದುರಿಗೆ ಬಂದಾಗ ಬಾವುಟ ಬೀಸಿ, ದಾಟಿದ ಕೂಡಲೇ ಕೈ ಇಳಿಸಿ ನೀರು ಕುಡಿಯುತ್ತಿದ್ದರು. ನಾಡಮುಖ್ಯನ ತೆರೆದ ವಾಹನದ ಹಿಂದೆ ಕೆಂಪು ಹಾಸಿನ ಮೇಲೆ ಹುಲಿಗೆಮ್ಮ ಒಬ್ಬಳೇ ನಡೆಯಬೇಕು. ಯಂಕೋಬನಿಗೆ ಹಗ್ಗದ ಆಚೆ ಜಾಗ.

ಕಾಲಿಗೆ ನೆಲ ತಿಳಿಯದವರು ನೆಲ ನೋಡಿಕೊಂಡೇ ನಡೆಯಬೇಕು. ನರಹರಿ ತಲೆ ಎತ್ತಿ ನಡೆಯಿರಿ ಎಂದಿದ್ದರು. ಅವಳು ತಲೆ ಎತ್ತಿದಳು. ಸ್ವಲ್ಪ ಹೊತ್ತಿಗೆ ಹಗ್ಗದ ಆಚೆಯಿಂದ ಗಂಡನ ದನಿ ಕೇಳಿತು.

"ಹುಲಿಗೀ! ಚಪ್ಲಿ! ಚಪ್ಲಿ ಬಿತ್ತು ನಿಂದು!"

ಬಗ್ಗಿ ನೋಡಿದರೆ ಒಂದು ಕಾಲು ಬರಿದಾಗಿತ್ತು. ಚಪ್ಪಲಿ ಎಷ್ಟೋ ಹಿಂದೆ ಹಾಸಿನ ಮೇಲೆ ಒಂಟಿಯಾಗಿ ಬಿದ್ದಿತ್ತು. ನಿಲ್ಲುವ ಹಾಗಿರಲಿಲ್ಲ. ಇನ್ನೊಂದನ್ನೂ ಅಲ್ಲೇ ಕಳಚಿಟ್ಟು ನಡೆದಳು. ಕಂಬಗಳ ಮೇಲಿನ ಧ್ವನಿವರ್ಧಕಗಳಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವನ ದನಿ ಗದ್ಗದವಾಯಿತು: "ನೋಡಿ, ಈ ಪುಣ್ಯಭೂಮಿಗೆ ಗೌರವ ಸಲ್ಲಿಸಲು ಈ ತಾಯಿ ಪಾದರಕ್ಷೆ ತೊರೆದು ಬರಿಗಾಲಲ್ಲಿ ನಡೆಯುತ್ತಿದ್ದಾರೆ!" ಹಗ್ಗದ ಆಚೆ ಹೆಂಗಸರು ಕಣ್ಣು ಒರೆಸಿಕೊಂಡರು. ಕೆಲವರು ತಮ್ಮ ಚಪ್ಪಲಿಯನ್ನೂ ಬಿಟ್ಟರು. ಹುಲಿಗೆಮ್ಮನಿಗೆ ಅದೆಲ್ಲ ದೂರದ ಯಾವುದೋ ಊರಿನಲ್ಲಿ, ಬೇರೆ ಯಾರದೋ ಮದುವೆಯಲ್ಲಿ ನಡೆಯುತ್ತಿರುವಂತೆ ಕಾಣುತ್ತಿತ್ತು.

*

ವೇದಿಕೆಯ ಮೇಲೆ ನ್ಯಾಯಮೂರ್ತಿ ಬೆಳ್ಳಿಯ ಸೂಜಿ ಎತ್ತಿದರು. ವಾದ್ಯಗಳು ನಿಂತವು. ಹುಲಿಗೆಮ್ಮ ಕೈ ಚಾಚಿದಳು. ಚುಚ್ಚಿದ್ದು ಅವಳಿಗೆ ತಿಳಿದದ್ದು ಬೆರಳ ತುದಿಯಲ್ಲಿ ಕೆಂಪು ಹನಿ ಕಂಡಾಗ. ದೂರದಲ್ಲಿ ಹೊಸಮನೆ ಕಣ್ಣು ಕಿರಿದು ಮಾಡಿ, ತುಟಿ ಬಿಗಿದು, ಕೈಯನ್ನು ಅಂಗುಲದಷ್ಟು ಹಿಂದಕ್ಕೆಳೆದ. ತಾಲೀಮಿನ ಮೂರನೆಯದಕ್ಕಿಂತ ಚೆನ್ನಾಗಿತ್ತು. ಬಯಲು ತುಂಬಿದ್ದ ಜನ ಹೋ ಎಂದರು. ಡೊಳ್ಳಿನ ಸದ್ದು ವೇದಿಕೆಯ ಹಲಗೆಯನ್ನು ನಡುಗಿಸುತ್ತಿರಬೇಕು. ಅವಳ ಕಾಲಿಗೆ ಅದೂ ಮುಟ್ಟಲಿಲ್ಲ.

ಆಮೇಲೆ ಅವನು ಮಾತಾಡಿದ.

"ಈ ತಾಯಿಯ ಬೆವರು ನನ್ನ ಬೆವರು. ಈ ಕೈಗಳನ್ನು ನೋಡಿ, ದುಡಿದು ದುಡಿದು ಬೆಂದ ಕೈಗಳು. ಈ ಕೈಗಳ ಒಂದೊಂದು ನೋವೂ ಇಂದಿನಿಂದ ನನ್ನದು. ಇವರು ಅತ್ತರೆ ನಾನು ಅಳುತ್ತೇನೆ."

ದೊಡ್ಡ ಪರದೆಯ ಮೇಲೆ ಅವಳ ಕೈಗಳು ಮೂಡಿದವು, ಒಂದೊಂದು ಬೆರಳೂ ಬಾಳೆಗಿಡದಷ್ಟು ದೊಡ್ಡದು. ಸುಟ್ಟ ಕಲೆಗಳು, ಮೊಂಡಾದ ಉಗುರು. ಹುಲಿಗೆಮ್ಮ ಆ ಪರದೆಯನ್ನೇ ನೋಡಿದಳು. ತನ್ನ ಕೈಯನ್ನು ತಾನು ಹೀಗೆ ಹೊರಗಿನಿಂದಲೇ ನೋಡುತ್ತ ಬಂದು ಎಷ್ಟು ದಿನವಾಯಿತು. ಕಾರ್ಖಾನೆಯ ಆ ಕೋಣೆಯಲ್ಲಿ ಅವಳ ಎಡಕ್ಕೆ ಕೂರುತ್ತಿದ್ದ ಹೊನ್ನವ್ವ ನೆನಪಾದಳು. ಹೊನ್ನವ್ವ ಹುಟ್ಟಿದ ಕೂಸಿನ ಮೈ ಬೆಚ್ಚಗಿದೆಯೋ ಇಲ್ಲವೋ ತಿಳಿಯದೆ, ಅದರ ಹೊಟ್ಟೆಗೆ ಕೆನ್ನೆ ಹಚ್ಚಿ ನೋಡುತ್ತಿದ್ದಳು. ಕೆನ್ನೆಗೆ ತಿಳಿಯುತ್ತಿತ್ತು.

"ಇವರ ನೋವು" ಎಂದು ಹೊಸಮನೆ ಮತ್ತೆ ಶುರುಮಾಡಿದ.

ಹುಲಿಗೆಮ್ಮ ನಾಲಿಗೆಯನ್ನು ದವಡೆ ಹಲ್ಲುಗಳ ನಡುವೆ ತಂದು ಕಚ್ಚಿದಳು.

ಅಷ್ಟು ಜೋರಾಗಿ ಕಚ್ಚಬೇಕೆಂದಿರಲಿಲ್ಲ. ಒಮ್ಮೆ ಕಚ್ಚಿದ ಮೇಲೆ ಬಿಡಲಾಗಲಿಲ್ಲ. ಕಣ್ಣಿಗೆ ಕತ್ತಲೆ ಕವಿಯಿತು, ಬಾಯಿ ತುಂಬ ಉಪ್ಪು ರಕ್ತ. ವೇದಿಕೆಯ ಆ ತುದಿಯಲ್ಲಿ ನಾಡಮುಖ್ಯ "ಅಯ್ಯೋ ಅಮ್ಮಾ" ಎಂದು ಕಿರುಚಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಬೀಳದಂತೆ ಮೈಕಿನ ಕಂಬ ಹಿಡಿದುಕೊಂಡ. ಕಣ್ಣಲ್ಲಿ ನೀರು ಬಳಬಳ ಸುರಿಯಿತು. ತಲೆ ತಿರುಗಿಸಿ ಅವಳನ್ನು ನೋಡಿದ. ಅವಳು ರಾಜಧಾನಿಗೆ ಬಂದಾಗಿನಿಂದ ಅವನು ಅವಳ ಮುಖವನ್ನು ನೋಡಿದ್ದು ಅದೇ ಮೊದಲು.

ಬಯಲಿನ ಜನ ಕತ್ತು ಚಾಚಿ ನೋಡಿದರು. ಆಮೇಲೆ ಯಾರೋ ಹೋ ಎಂದರು. ಅದು ಹಬ್ಬಿತು. ಹಿಂದೆಂದೂ ಕೇಳದಂಥ ಹೋ ಅದು. ಜನ ಕುರ್ಚಿ ಹತ್ತಿ ನಿಂತು ಕೂಗಿದರು, ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಇಂಥ ನಾಡಮುಖ್ಯ ಹಿಂದೆ ಆಗಿರಲಿಲ್ಲ. ಡೊಳ್ಳಿನವರಿಗೆ ಸನ್ನೆ ಹೋಯಿತು. ಡ್ರೋನುಗಳು ಉಳಿದ ಹೂವನ್ನೆಲ್ಲ ಒಮ್ಮೆಲೇ ಸುರಿದವು.

*

ವೇದಿಕೆಯ ಹಿಂದಿನ ಕೋಣೆಯಲ್ಲಿ ಯಂಕೋಬ ಹೆಂಡತಿಯ ಬಾಯಿಗೆ ತಣ್ಣೀರು ಹಿಡಿದಿದ್ದ. ಹೊಸಮನೆ ಒಬ್ಬನೇ ಒಳಗೆ ಬಂದು ಬಾಗಿಲು ಮುಂದೆ ಮಾಡಿದ. ನಾಲಿಗೆಗೆ ಏನೂ ಆಗದಿದ್ದರೂ ಮಾತು ತೊದಲುತ್ತಿತ್ತು.

"ಯಾಕಮ್ಮ ಕಚ್ಚಿಕೊಂಡಿರಿ?"

ಹುಲಿಗೆಮ್ಮ ರಕ್ತದ ನೀರು ಉಗುಳಿ ಹೇಳಿದಳು. "ಐತೋ ಇಲ್ಲೋ ಅಂತ ನೋಡಿದ್ನಿರಿ."

"ಏನು?"

"ನೋವು."

ಅವನು ಕುರ್ಚಿ ಎಳೆದು ಕೂತ. ಕಚ್ಚಿದ್ದು ಅವಳಾದರೂ ಕೆನ್ನೆ ಒತ್ತಿ ಹಿಡಿದದ್ದು ಇಬ್ಬರೂ. "ಇನ್ನು ಮೇಲೆ ಹಾಗೆ ಮಾಡಬೇಡಿ" ಎಂದ. "ದಯವಿಟ್ಟು" ಎಂದು ಸೇರಿಸಿದ.

"ಮಾಡಂಗಿಲ್ರಿ. ನನಗೂ ನೋಯತೈತಿ."

ಅವನು ಹೋದ ಮೇಲೆ ಡಾಕ್ಟರ್ ನದಾಫ್ ಬಂದು ನಾಲಿಗೆಗೆ ಎರಡು ಹೊಲಿಗೆ ಹಾಕಿದರು. ಬೇಡವೆಂದರೆ ತಂತಿಯನ್ನು ಇವತ್ತೇ ತೆಗೆಯುತ್ತೇನೆ, ಜೋಡಿಗೆ ಆ ಹಕ್ಕಿದೆ ಎಂದರು. ಯಂಕೋಬ ತೆಗೆಸಿಬಿಡೋಣ ಎಂದ.

ಹುಲಿಗೆಮ್ಮ ಬೇಡವೆಂದು ತಲೆಯಾಡಿಸಿದಳು. ಅಷ್ಟು ದೊಡ್ಡ ಬಯಲಿನಲ್ಲಿ ತನ್ನ ಮೈಯೊಳಗೆ ಆದದ್ದು ಇನ್ನೊಬ್ಬನಿಗೆ ತಿಳಿಯಿತು ಎಂಬುದಷ್ಟೇ ಅವಳ ತಲೆಯಲ್ಲಿತ್ತು.

*

ಊರಿಗೆ ಬಂದ ಮೇಲೆ ಎಲ್ಲ ಮೊದಲಿನಂತೆಯೇ ಆಯಿತು. ಅವಳ ಕೈ ಸುಡುತ್ತಿತ್ತು, ಕಾಲಿಗೆ ಮುಳ್ಳು ಹೊಗುತ್ತಿತ್ತು, ರಾಜಧಾನಿಯಲ್ಲಿ ಹೊಸಮನೆ ಹಾಯಾಗಿ ನಿದ್ದೆ ಮಾಡುತ್ತಿದ್ದ. ಒಮ್ಮೆ ಕುದಿಯುವ ಅನ್ನದ ಗಂಜಿ ಪಾದದ ಮೇಲೆ ಚೆಲ್ಲಿತು. ತೊಗಲು ಸುಲಿದು ತಿಂಗಳುಗಟ್ಟಲೆ ಮಾಯಲಿಲ್ಲ. ಅದರ ಒಂದು ಹನಿ ನೋವೂ ಹಿರೇಕಣವಿ ಬಿಟ್ಟು ಆಚೆ ಹೋಗಲಿಲ್ಲ.

ಮಾಗಿ ಚಳಿಯಲ್ಲಿ ದವಡೆಯ ಹಲ್ಲು ನೋಯತೊಡಗಿತು. ಬೇಕೆಂದು ತಂದುಕೊಂಡದ್ದಲ್ಲ, ಹುಳುಕು ಹಲ್ಲು. ಮೊದಲು ಬೆಲ್ಲ ತಿಂದಾಗ ಜುಂ ಎಂದಿತು. ಆಮೇಲೆ ಸುಮ್ಮನೆ ಕೂತರೂ ತಲೆಯ ಅರ್ಧ ಸಿಡಿಯುವಂತಾಯಿತು. ಯಂಕೋಬ ಲವಂಗದ ಎಣ್ಣೆ ಹಚ್ಚಿದ, ಉಪ್ಪು ನೀರು ಕೊಟ್ಟ. ಹಲ್ಲಿನ ಡಾಕ್ಟರು ಬೇಕೆಂದರೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು, ಟ್ಯಾಂಕರಿನ ಕೆಲಸ ಬಿಡುವ ಹಾಗಿರಲಿಲ್ಲ. ಊರಿನವರೆಲ್ಲ ಮಾಡುವಂತೆ ಅವಳೂ ಕೆನ್ನೆಗೆ ಸೆರಗು ಕಟ್ಟಿಕೊಂಡು ದಿನ ನೂಕಿದಳು.

ಟಿವಿಯಲ್ಲಿ ಹೊಸಮನೆಯ ಕೆನ್ನೆಯೂ ಒಂದು ಕಡೆ ಬಿಗಿದಂತೆ ಕಂಡಿತು. ಮಾತ್ರೆ ನುಂಗಿದರೆ ಅವನ ಸ್ವಂತ ನೋವು ಹೋಗುತ್ತದೆಯೇ ಹೊರತು ತಂತಿಯಲ್ಲಿ ಬಂದದ್ದಲ್ಲ. ವಾರ ಕಳೆಯುವುದರೊಳಗೆ ಪಂಚಾಯಿತಿಯ ಮುಂದೆ ಒಂದು ದೊಡ್ಡ ಬಿಳಿ ವಾಹನ ಬಂದು ನಿಂತಿತು. ಕಾಯಿದೆಯಂತೆ ಇಡೀ ಹೋಬಳಿಗೆ ಉಚಿತ ದಂತ ಚಿಕಿತ್ಸೆ. ಬಿಸಿಲಲ್ಲಿ ಸಾಲು ನಿಂತಿತು. ಮೊದಲ ಸ್ಥಾನ ಹುಲಿಗೆಮ್ಮನದು. ಅವಳ ಹಿಂದೆ ಹೊನ್ನವ್ವ, ಅವಳ ಹಿಂದೆ ಕಾರ್ಖಾನೆಯ ಉಳಿದ ಹೆಂಗಸರು. ಹಲ್ಲುನೋವು ಇದ್ದವರೂ ಬಂದಿದ್ದರು, ಇಲ್ಲದವರೂ ಬಂದಿದ್ದರು. ಊರಿಗೆ ಡಾಕ್ಟರು ಅಂತ ಬಂದದ್ದೇ ಇಷ್ಟು ವರ್ಷಗಳ ಮೇಲೆ.

ದಂತವೈದ್ಯ ಚಿಕ್ಕ ವಯಸ್ಸಿನವನು, ಮೈಸೂರಿನ ಕಡೆಯವನು. ಬಾಯಿ ನೋಡಿ, ಕೀಳಬೇಕು ಎಂದ. ಸಿರಿಂಜಿಗೆ ಔಷಧ ಎಳೆದ.

"ಅದೇನ್ರಿ?"

"ಮರಗಟ್ಟೋ ಇಂಜೆಕ್ಷನ್ ಅಮ್ಮ. ಒಸಡು, ನಾಲಿಗೆ ಎಲ್ಲ ಜೋಮು ಹಿಡಿಯುತ್ತೆ. ನಿಮಗೆ ಏನೂ ಗೊತ್ತಾಗಲ್ಲ."

ಹುಲಿಗೆಮ್ಮ ತುಟಿ ಮುಚ್ಚಿಕೊಂಡಳು. "ಬ್ಯಾಡ. ಹಂಗ ಕೀಳ್ರಿ."

"ಅಮ್ಮ, ಜೀವ ಹೋದಂಗೆ ಆಗುತ್ತೆ."

"ಆಗ್ಲಿ. ಇಲ್ಲಿ ಮಟ್ಟನೂ ಜಡ ಮಾಡಬ್ಯಾಡ್ರಿ."

ಅವನು ಯಾರಿಗೋ ಫೋನ್ ಮಾಡಿ ಕೇಳಲು ಹೊರಟ. ಅಷ್ಟರಲ್ಲಿ ಅವಳು ತಾನೇ ತಲೆ ಹಿಂದಕ್ಕೆ ಒರಗಿಸಿ ಬಾಯಿ ತೆರೆದಳು. ಸಾಲಿನಲ್ಲಿದ್ದವರು ನೋಡುತ್ತಿದ್ದರು. ಯಂಕೋಬ ಅವಳ ಹಣೆ ಹಿಡಿದುಕೊಂಡು, "ಕೀಳ್ರಿ ಡಾಕ್ಟ್ರ" ಎಂದ.

ಇಕ್ಕಳ ಹಲ್ಲನ್ನು ಹಿಡಿದು ತಿರುಚಿದಾಗ ಅವಳ ಗಂಟಲಿನಿಂದ ದನದ ಹಾಗೆ ಒಂದು ದನಿ ಬಂತು. ಹಲ್ಲು ಒಂದೇ ಸಲಕ್ಕೆ ಬರಲಿಲ್ಲ, ಬೇರು ಮುರಿಯಿತು. ಉಳಿದದ್ದನ್ನು ಅವನು ಬಗೆದು ತೆಗೆದ. ಕೊನೆಗೆ ಬಾಯಿಗೆ ಹತ್ತಿ ತುರುಕಿ, ಕಚ್ಚಿ ಹಿಡಿಯಿರಿ ಎಂದ. ಹುಲಿಗೆಮ್ಮನ ಕಣ್ಣಿನಿಂದ ನೀರು ಕಿವಿಯ ಹಿಂದಕ್ಕೆ ಇಳಿಯುತ್ತಿತ್ತು.

ಅದೇ ಹೊತ್ತಿಗೆ ದಂತವೈದ್ಯನ ಫೋನು ಬಡಿದುಕೊಂಡಿತು. ಹೆಸರು ನೋಡಿದವನು ಎದ್ದು ನಿಂತ. "ಸಾರ್... ಹೌದು ಸಾರ್... ನಾನು ಹೇಳಿದೆ ಸಾರ್, ಅವರೇ ಬೇಡ ಅಂದ್ರು..." ಎಂದು ತೊದಲಿ, ಫೋನನ್ನು ಎರಡೂ ಕೈಯಲ್ಲಿ ಹುಲಿಗೆಮ್ಮನ ಮುಂದೆ ಹಿಡಿದ.

ಫೋನಿನೊಳಗೆ ಹೊಸಮನೆ ಉಸಿರು ಕಟ್ಟಿ ಬಿಕ್ಕುತ್ತಿದ್ದ. ಮೆದು ಮಾತಿನವನ ದನಿ ಒಡೆದುಹೋಗಿತ್ತು. "ಏನು ಬೇಕಮ್ಮ ನಿಮಗೆ? ಏನು ಬೇಕು? ಹೇಳಿ."

ಹುಲಿಗೆಮ್ಮನ ಬಾಯಿ ತುಂಬ ಹತ್ತಿ. ಕೀಳುವ ಮುಂಚೆ ಕೇಳಿದ್ದರೂ ಅಷ್ಟನ್ನೆಲ್ಲ ಹೇಳುವುದು ಅವಳೊಬ್ಬಳಿಂದ ಆಗುತ್ತಿರಲಿಲ್ಲ. ಅವಳು ಕುರ್ಚಿಯಿಂದ ಇಳಿದು, ಫೋನನ್ನು ತೆಗೆದುಕೊಂಡು ಸಾಲಿನತ್ತ ನಡೆದಳು. ಹೊನ್ನವ್ವನಿಗೆ ಕೊಟ್ಟಳು.

ಹೊನ್ನವ್ವ ಅದು ಜಾರಿ ಬೀಳಬಾರದೆಂದು ತನ್ನ ಬೆರಳುಗಳನ್ನು ನೋಡಿ ನೋಡಿ, ಒಂದೊಂದಾಗಿ ಮಡಚಿ ಹಿಡಿದುಕೊಂಡಳು. ಆಮೇಲೆ ಕಿವಿಗೆ ತಂದಳು.

"ಯಾರ್ರಿ?" ಎಂದಳು. ಆ ಕಡೆಯಿಂದ ಏನು ಬಂತೋ, ಅವಳು ಒಮ್ಮೆ ಸುತ್ತ ನಿಂತವರನ್ನು ನೋಡಿದಳು. "ನಾ ಹೊನ್ನವ್ವ ಅದೀನ್ರಿ. ನಾನೂ ಅದ ಕಾರ್ಖಾನ್ಯಾಗ ಗಾಜು ಒರಸತಿದ್ನಿ. ಕೇಳಾಕತ್ತೀರೇನು? ಮೊದ್ಲ ಬೆರಳ ತುದಿ ಜುಂ ಅಂತಿತ್ರಿ..."

ಸಾಲಿನಲ್ಲಿದ್ದ ಹೆಂಗಸರು ಹಲ್ಲಿನ ವಾಹನವನ್ನು ಬಿಟ್ಟು, ಫೋನಿನ ಸರದಿಗೆ ಹೊನ್ನವ್ವನ ಹಿಂದೆ ಒಬ್ಬೊಬ್ಬರಾಗಿ ನಿಂತುಕೊಂಡರು.